ಡಿಫ್ ಇರುವಾಗ ಕಮಿಟ್ ಮೆಸೇಜ್ ಯಾಕೆ?

ಪ್ರಶ್ನೆ: ಕೋಡಿನಲ್ಲಿ ಏನು ಬದಲಾಯಿತು ಅಂತ, ಹಳೇ ಸಾಲು ಹೊಸ ಸಾಲು ತೋರಿಸುವ ಡಿಫ್‌ನಲ್ಲೇ ಕಾಣುತ್ತದೆ. ಮತ್ತೆ ಆ ಬದಲಾವಣೆ ಉಳಿಸುವಾಗ (ಕಮಿಟ್ ಮಾಡುವಾಗ) ಬರೆಯುವ ಕಮಿಟ್ ಮೆಸೇಜಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಉತ್ತರ: ಬೇಕು. ಹೊಸದಾಗಿ ಸೇರಿದ ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಇದನ್ನು ಕೇಳುತ್ತಾರೆ, ನಾನೂ ಮತ್ತೆ ಮತ್ತೆ ಅದನ್ನೇ ಹೇಳುತ್ತೇನೆ.

ರೂಢಿ ಸುಲಭ. ಮೊದಲ ಸಾಲು ಸುಮಾರು 50 ಅಕ್ಷರ, ಒಂದು ಖಾಲಿ ಸಾಲು, ಆಮೇಲೆ ವಿವರ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಧನ) ಬರೆದದ್ದು ಲಿನಕ್ಸ್ ಕರ್ನೆಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೆಲಸಕ್ಕೆ. ಅಲ್ಲಿ ಪ್ಯಾಚ್‌ಗಳು, ಅಂದರೆ ಕೋಡಿನ ಬದಲಾವಣೆಗಳು, ಇಮೇಲಿನಲ್ಲಿ ಓಡಾಡುತ್ತವೆ, ಮೊದಲ ಸಾಲೇ ಇಮೇಲಿನ ವಿಷಯವಾಗುತ್ತದೆ. ಅದು ಚಿಕ್ಕದಿರಬೇಕು, ಅಲ್ವಾ?

ಈಗ ಆ "ಡಿಫ್ ಇದೆಯಲ್ಲ" ಅನ್ನೋ ಮಾತು. ಎಷ್ಟು ಹೇಳಿದರೂ ಇದು ಹೋಗುವುದಿಲ್ಲ. ಟೈಮ್‌ಔಟ್ (ಒಂದು ಕೆಲಸ ಮುಗಿಯಲು ಕಾಯುವ ಮಿತಿ) 30 ಸೆಕೆಂಡ್ ಇದ್ದದ್ದು 90 ಆಯಿತು ಅಂತ ಡಿಫ್ ತೋರಿಸುತ್ತದೆ. ಯಾಕೆ ಆಯಿತು? ಅದು ಬರೆದವರ ತಲೆಯಲ್ಲಿ ಮಾತ್ರ ಇದೆ. ಹಿಂದೆ ನಾನಿದ್ದ ತಂಡದಲ್ಲಿ ಇಂಥದ್ದೇ ಒಂದು ಕಮಿಟ್ ಇತ್ತು. ಮೆಸೇಜ್ "ಸಣ್ಣ ಫಿಕ್ಸ್" ಅಂತಷ್ಟೇ. 90 ಜಾಸ್ತಿಯಾಯಿತು ಅನಿಸಿ ನಾನೇ 30ಕ್ಕೆ ಇಳಿಸಿದೆ. ತಿಂಗಳ ಕೊನೆಗೆ ದೊಡ್ಡ ರಿಪೋರ್ಟುಗಳೆಲ್ಲ ಅರ್ಧಕ್ಕೇ ನಿಂತವು. ಹಳೇ ಕಮಿಟ್ ತೆಗೆದು ಹೆಸರು ನೋಡಿದೆ. ಕೇಳೋಣವೆಂದರೆ ಅವರು ಕೆಲಸ ಬಿಟ್ಟು ವರ್ಷವಾಗಿತ್ತು. "ತಿಂಗಳ ಕೊನೆಯ ರಿಪೋರ್ಟಿಗೆ ಒಂದು ನಿಮಿಷ ಮೀರುತ್ತದೆ, ಅದಕ್ಕೆ 90" ಅಂತ ಒಂದು ಸಾಲು ಇದ್ದಿದ್ದರೆ ನಾನು ಅದನ್ನು ಮುಟ್ಟುತ್ತಲೇ ಇರಲಿಲ್ಲ.

"ಕೋಡಿನಲ್ಲೇ ಕಾಮೆಂಟ್ ಹಾಕಿದರೆ ಆಗಲ್ವಾ?" ಹಾಕಿ, ಒಳ್ಳೆಯದೇ. ಆದರೆ ನೀವು ಅಳಿಸಿದ 40 ಸಾಲಿಗೆ ಕಾಮೆಂಟ್ ಎಲ್ಲಿ ಹಾಕುತ್ತೀರಿ? ಮೊದಲು ಬೇರೆ ದಾರಿ ಹಿಡಿದು, ಅದು ಕೈಕೊಟ್ಟು ಇದಕ್ಕೆ ಬಂದಿರಿ ಅನ್ನೋದನ್ನು ಎಲ್ಲಿ ಬರೆಯುತ್ತೀರಿ? ಆ ಜಾಗವೇ ಕಮಿಟ್ ಮೆಸೇಜ್. ಡಿಫ್ ಓದಿ ಗೊತ್ತಾಗುವುದನ್ನು ಅಲ್ಲಿ ಮತ್ತೆ ಬರೆಯಬೇಕಾಗಿಲ್ಲ. ಗೊತ್ತಾಗದ್ದನ್ನು ಬರೆಯಿರಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೆಸೇಜ್ ಕನ್ನಡದಲ್ಲಿ ಬರೆಯಬಹುದು. ಗಿಟ್ ಅದನ್ನು ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿ ಬರೆಯಬಲ್ಲ ಎನ್‌ಕೋಡಿಂಗ್) ಅಂತಲೇ ತೆಗೆದುಕೊಳ್ಳುತ್ತದೆ. ನನ್ನ ಸ್ವಂತ ಪ್ರಾಜೆಕ್ಟುಗಳಲ್ಲಿ ಕಾರಣದ ಭಾಗ ಕನ್ನಡದಲ್ಲೇ ಇರುತ್ತದೆ. ಇಂಗ್ಲಿಷ್ ಪದ ಹುಡುಕುತ್ತಾ ಸುಮ್ನೆ ಅರ್ಧಕ್ಕೆ ಬಿಟ್ಟುಬಿಡುವುದು ಇದರಿಂದ ತಪ್ಪಿದೆ. 50ರ ಲೆಕ್ಕ ಮಾತ್ರ ಇಲ್ಲಿ ಹಿಡಿಯಬೇಡಿ. "ಕ್ಷ" ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿನಲ್ಲಿ ಅದು 3 ಸಂಕೇತ. ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ, ಗಾಬರಿಯಾಗಬೇಡಿ. ಒಳಗೆ ಮೆಸೇಜ್ ಸರಿಯಾಗಿಯೇ ಇರುತ್ತದೆ.