ಎಂಬತ್ತೇಳರ ಅಜ್ಜಿಗೆ ಮೂಳೆ ಮುರಿಯದಂತೆ ನೋಡಿಕೊಳ್ಳಬಹುದೇ?

ಪ್ರಶ್ನೆ: ನಮ್ಮ ಅಜ್ಜಿಗೆ 87 ವರ್ಷ. ಕ್ಯಾಲ್ಸಿಯಂ ಮಾತ್ರೆಯನ್ನು ತಪ್ಪದೆ ಕೊಡುತ್ತಿದ್ದೇವೆ. ಬಿದ್ದುಬಿಟ್ಟಾರೆಂಬ ಭಯದಿಂದ ಹೆಚ್ಚು ಓಡಾಡಲು ಬಿಡುವುದಿಲ್ಲ. ಈ ವಯಸ್ಸಿನಲ್ಲಿ ದಿನಚರಿ ಬದಲಿಸಿದರೆ ಮೂಳೆ ಮುರಿಯುವ ಅಪಾಯ ನಿಜವಾಗಿಯೂ ತಗ್ಗುತ್ತದೆಯೇ?

ಉತ್ತರ: ತಗ್ಗುತ್ತದೆ. ಆದರೆ ನೀವು ಮಾತ್ರೆಯ ಮೇಲಿಟ್ಟಿರುವ ಗಮನವನ್ನು ಅಜ್ಜಿಯ ಕಾಲುಗಳ ಮೇಲೂ ಇಡಬೇಕಾಗುತ್ತದೆ. ಮೂಳೆಯ ಸಾಂದ್ರತೆ ಸುಮಾರು 30ರ ವಯಸ್ಸಿಗೆ ಗರಿಷ್ಠ ಮಟ್ಟ ಮುಟ್ಟಿ, ಮುಟ್ಟು ನಿಂತ ನಂತರದ ವರ್ಷಗಳಲ್ಲಿ ಹೆಂಗಸರಲ್ಲಿ ವೇಗವಾಗಿ ಇಳಿಯುವುದರಿಂದ, ಆ ನಷ್ಟವನ್ನು 87ರಲ್ಲಿ ಊಟವೊಂದರಿಂದಲೇ ತುಂಬಿಕೊಡಲಾಗದು. ಆದರೆ ಸೊಂಟದ ಮೂಳೆ ಮುರಿದುಕೊಂಡ ಹತ್ತು ಹಿರಿಯರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಅದನ್ನು ಮುರಿದುಕೊಂಡಿದ್ದು ಬಿದ್ದು, ಅದರಲ್ಲೂ ಹೆಚ್ಚಾಗಿ ಪಕ್ಕಕ್ಕೆ ಬಿದ್ದು. ಬೀಳುವುದನ್ನು ತಪ್ಪಿಸುವುದು ಈಗಲೂ ನಮ್ಮ ಕೈಯಲ್ಲಿದೆ.

"ನೀನು ಕೂತಿರಜ್ಜಿ, ನಾನು ತಂದುಕೊಡ್ತೀನಿ" ಎಂಬ ಮಾತು ಅಕ್ಕರೆಯದೇ. ಆದರೂ ದಿನವಿಡೀ ಕೂತವರ ತೊಡೆಯ ಸ್ನಾಯು ಕರಗುತ್ತದೆ, ಮುಗ್ಗರಿಸಿದಾಗ ಹೆಜ್ಜೆ ಊರಿ ಸಾವರಿಸಿಕೊಳ್ಳುವ ಶಕ್ತಿ ಹೋಗುತ್ತದೆ, ಕೊನೆಗೆ ನೀವು ಹೆದರಿದ್ದೇ ಆಗುತ್ತದೆ. ಸ್ನಾಯು ಮಾತ್ರ ಮೂಳೆಯಷ್ಟು ಹಟಮಾರಿಯಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ, ಸರಾಸರಿ ನಿಮ್ಮ ಅಜ್ಜಿಯದೇ ವಯಸ್ಸಿನ 100 ಮಂದಿ ವೃದ್ಧಾಶ್ರಮವಾಸಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವಾರ ಭಾರದ ವ್ಯಾಯಾಮ ಮಾಡಿದವರ ಸ್ನಾಯುಬಲ ದುಪ್ಪಟ್ಟಿಗಿಂತ ಹೆಚ್ಚಾಯಿತು. ಮನೆಯಲ್ಲಿ ಅದಕ್ಕೆ ಸಾಮಾನು ಬೇಕಿಲ್ಲ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ, ಆದಷ್ಟೂ ಕೈ ಊರದೆ, ನಿಧಾನವಾಗಿ ಎದ್ದು ಅಷ್ಟೇ ನಿಧಾನವಾಗಿ ಕೂರುವುದು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು. ಮೊದಲ ದಿನ ನಾಲ್ಕು ಸಲ ಆದರೂ ಸಾಕು, ಪಕ್ಕದಲ್ಲಿ ಒಬ್ಬರು ನಿಂತಿರಲಿ. ಈ ಹಿಂದೆ ಬಿದ್ದಿದ್ದರೆ ಅಥವಾ ಬೆನ್ನು ಬಾಗಿದ್ದರೆ ಮೊದಲು ಫಿಸಿಯೋಥೆರಪಿಸ್ಟ್ ಅವರಿಗೆ ತೋರಿಸಿ. ಸಣ್ಣ ಪೆಟ್ಟಿಗೇ ಮೂಳೆ ಮುರಿದ ಇತಿಹಾಸವಿದ್ದರೆ ಮೂಳೆ ಸವೆತಕ್ಕೆ ಔಷಧಿಯೇ ಬೇಕಾಗಬಹುದು. ಆ ಜಾಗವನ್ನು ಯಾವ ಅಭ್ಯಾಸವೂ ತುಂಬಲಾರದು.

ಕ್ಯಾಲ್ಸಿಯಂ ಬೇಡವೆಂದಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುವುದರಿಂದ ರಾಗಿ ಅಂಬಲಿ, ಜೊತೆಗೆ ಮೊಸರು ಒಳ್ಳೆಯ ಆಸರೆಯೇ. ನನಗೆ ಹೆಚ್ಚು ಕಳವಳ ಪ್ರೋಟೀನಿನದು. ಹಲ್ಲು ಹೋದ ಮೇಲೆ ಅನೇಕರು ತಿಳಿಸಾರನ್ನ, ಗಂಜಿ, ಚಹದಲ್ಲಿ ಅದ್ದಿದ ಬಿಸ್ಕತ್ತಿಗೆ ಇಳಿದುಬಿಡುತ್ತಾರೆ. ಮಸೆದ ಬೇಳೆ, ತಿನ್ನುವವರಾದರೆ ಮೊಟ್ಟೆ, ದಿನಕ್ಕೆರಡು ಹೊತ್ತಾದರೂ ಇರಲಿ. ವಿಟಮಿನ್ ಡಿ ಹೆಚ್ಚಾದಷ್ಟೂ ಒಳ್ಳೆಯದೆಂದು ನೀವೇ ತಂದು ಕೊಡಬೇಡಿ. 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದ, 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಗಿದ್ದವು.

ನಿದ್ರೆ ಮಾತ್ರೆ, ಬಿಪಿ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ಮತ್ತೊಮ್ಮೆ ತೋರಿಸಿ. ರಾತ್ರಿ ಮೂತ್ರಕ್ಕೆ ಎದ್ದಾಗ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಆಮೇಲೆ ನಿಲ್ಲುವುದನ್ನು ರೂಢಿಸಿ, ಬಚ್ಚಲಿನವರೆಗೆ ಸಣ್ಣ ದೀಪ ಉರಿಯುತ್ತಿರಲಿ, ಸೀರೆಯ ನೆರಿಗೆ ಪಾದದ ಮೇಲಕ್ಕಿರಲಿ, ಹೊಸ್ತಿಲ ಬಳಿ ಸರಿದಾಡುವ ಕಾಲೊರೆಸು ಬೇಡ.

ಬಚ್ಚಲಿನಲ್ಲಿ ಟವೆಲ್ ಹಾಕುವ ಸರಳು ಮೈಭಾರ ತಡೆಯುವುದಿಲ್ಲ. ಹಿಡಿದೇಳಲು ಬೇರೆಯೇ ಗಟ್ಟಿ ಸರಳು ಹಾಕಿಸಿ. ಎತ್ತರವನ್ನು ಮೇಸ್ತ್ರಿಯ ಅಂದಾಜಿಗೆ ಬಿಡದೆ, ಒಣನೆಲವಿದ್ದಾಗ ಅಜ್ಜಿಯನ್ನು ಸ್ನಾನದ ಸ್ಟೂಲಿನ ಮೇಲೆ ಕೂರಿಸಿ, ಏಳುವಾಗ ಅವರ ಕೈ ತಾನಾಗಿ ಗೋಡೆಯ ಯಾವ ಜಾಗಕ್ಕೆ ಹೋಗುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ತೋರಿಸಿ.