ರ‍್ಯಾಕ್ ಕೊಳ್ಳುವಾಗ ಎತ್ತರಕ್ಕಿಂತ ಮೊದಲು ಆಳ ಕೇಳಿ

ಪ್ರಶ್ನೆ: ನಮ್ಮದು ಹದಿನೈದು ಜನರ ಲೆಕ್ಕಪರಿಶೋಧನೆಯ ಕಚೇರಿ. ಎರಡು ಸರ್ವರ್, ಒಂದು ನೆಟ್‌ವರ್ಕ್ ಸ್ವಿಚ್, ಒಂದು ಯುಪಿಎಸ್ ಈಗ ಮೇಜಿನ ಕೆಳಗಿವೆ. ಇವನ್ನು ಒಂದರ ಮೇಲೊಂದು ಜೋಡಿಸಿಡುವ ಬೀರುವಿನಂಥ ರ‍್ಯಾಕ್ ಬೇಕು. ಗೋಡೆಗೆ ಹಾಕುವ, 12 ಯು ಎತ್ತರದ ರ‍್ಯಾಕ್ ಸಾಕು ಎಂದು ಒಬ್ಬರು, ಮುಂದಕ್ಕೂ ಆಗುತ್ತದೆ, 42 ಯು ತೆಗೆದುಕೊಳ್ಳಿ ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಬೇಡ. ಇಬ್ಬರೂ ಎತ್ತರದ ಲೆಕ್ಕ ಹೇಳುತ್ತಿದ್ದಾರೆ. ಆಮೇಲೆ ಸತಾಯಿಸುವುದು ಆಳ.

ಅಗಲಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಂಗಡಿಯಲ್ಲಿ ಸಿಗುವ ರ‍್ಯಾಕ್ ಸಲಕರಣೆಗಳ ಮುಖಫಲಕ 19 ಇಂಚು. ಎತ್ತರಕ್ಕೂ ಅಳತೆ ಗೊತ್ತಾಗಿದೆ: ಒಂದು ಯು ಎಂದರೆ 1.75 ಇಂಚು, 44.45 ಮಿ.ಮೀ. ಆಳಕ್ಕೆ ಮಾತ್ರ ಇಂಥ ಕಟ್ಟುಪಾಡಿಲ್ಲ. ಸ್ವಿಚ್ ಒಂದು ಅಡಿಯೊಳಗೆ ಮುಗಿಯಬಹುದು. ಅಷ್ಟೇ ಎತ್ತರದ ಸರ್ವರ್ 700–800 ಮಿ.ಮೀ. ಹಿಂದಕ್ಕೆ ಚಾಚಿಕೊಂಡಿರುತ್ತದೆ. ಗೋಡೆಯ ರ‍್ಯಾಕ್‌ಗಳ ಆಳ ಸಾಮಾನ್ಯವಾಗಿ 600ರ ಒಳಗೇ. ಅವು ಸ್ವಿಚ್‌ಗೆ ಮಾಡಿದವು, ಸರ್ವರ್‌ಗಲ್ಲ.

ಒಮ್ಮೆ ನಾನೂ ಎಡವಿದ್ದೇನೆ. ಸರ್ವರ್ 740 ಮಿ.ಮೀ., ರ‍್ಯಾಕ್ 800. ಕಾಗದದ ಮೇಲೆ ಸರಿಯಾಗಿತ್ತು. ಆದರೆ ಸರ್ವರ್ ಕೂರುವುದು ಮುಂಬಾಗಿಲಿನ ಹತ್ತಿರವಲ್ಲ, ಸ್ಕ್ರೂ ಹಾಕುವ ಮುಂಗಂಬದ ಹತ್ತಿರ. ಆ ಕಂಬ ಬಾಗಿಲಿನಿಂದ ಎಂಟು ಸೆಂಟಿಮೀಟರ್ ಒಳಗಿತ್ತು. ಹಿಂದುಗಡೆ ಕರೆಂಟಿನ ಪ್ಲಗ್ ಬೇರೆ. ಹಿಂಬಾಗಿಲು ಮುಚ್ಚಲೇ ಇಲ್ಲ. ಕಳಚಿಟ್ಟ ಆ ಬಾಗಿಲು ಎರಡು ವರ್ಷ ಪೊರಕೆಯ ಪಕ್ಕದಲ್ಲಿ ಗೋಡೆಗೆ ಒರಗಿಕೊಂಡೇ ಇತ್ತು. ಆದ್ದರಿಂದ 1000 ಮಿ.ಮೀ. ಆಳಕ್ಕಿಂತ ಕಡಿಮೆ ಬೇಡ. ಮುಂಗಂಬದಿಂದ ಹಿಂಗಂಬಕ್ಕೆ ಎಷ್ಟು ಅಂತರ ಎಂದೂ ಕೇಳಿ. ಸರ್ವರ್ ಜೊತೆ ಬರುವ ರೈಲುಗಳಿಗೆ, ಅಂದರೆ ಅದನ್ನು ಹೊರುವ ಎರಡು ಪಕ್ಕದ ಪಟ್ಟಿಗಳಿಗೆ, ಆ ಅಂತರ ಹೊಂದಬೇಕು.

ನಿಮ್ಮವು ಮೇಜಿನ ಕೆಳಗಿವೆ ಎಂದಿರಿ. ಹಾಗಾದರೆ ನಿಂತಿರುವ ಟವರ್ ಮಾದರಿಯವೇ ಇರಬೇಕು. ಕೆಲವಕ್ಕೆ ಮಲಗಿಸಿ ಜೋಡಿಸುವ ಕಿಟ್ ಸಿಗುತ್ತದೆ. ಸಿಗದಿದ್ದರೆ ಗಟ್ಟಿಯಾದ ಶೆಲ್ಫ್ ಹಾಕಿ ನಿಲ್ಲಿಸಬೇಕು. ಕಂಬಗಳ ನಡುವಿನ ತೆರವು ಸುಮಾರು 450 ಮಿ.ಮೀ., ಹಾಗಾಗಿ ಒಂದೊಂದು 200ರೊಳಗಿದ್ದರೆ ಎರಡೂ ಪಕ್ಕಪಕ್ಕ ಕೂರುತ್ತವೆ, ಎತ್ತರ ಹತ್ತು ಯು ಹೋಗುತ್ತದೆ. ಸ್ವಿಚ್, ಪ್ಯಾಚ್ ಪ್ಯಾನೆಲ್ (ನೆಟ್‌ವರ್ಕ್ ಕೇಬಲ್‌ಗಳು ಬಂದು ಸೇರುವ ಫಲಕ), ಯುಪಿಎಸ್ ಸೇರಿದರೆ ಹದಿನಾರು ಎನ್ನಿ. ನನ್ನ ಆಯ್ಕೆ: ನೆಲದ ಮೇಲೆ ನಿಲ್ಲುವ 27 ಯು, 600 ಅಗಲ, 1000 ಆಳ. ಆಳೆತ್ತರ ಮೀರಿದ 42 ಯು ತರಿಸುವವರು ಮೊದಲು ಲಿಫ್ಟನ್ನೂ ಮೆಟ್ಟಿಲಿನ ತಿರುವನ್ನೂ ಅಳೆಯಲಿ. ಯುಪಿಎಸ್ ಬ್ಯಾಟರಿ ಸೀಸದ ಭಾರ, ಅದು ತಳದಲ್ಲೇ ಇರಲಿ.

ಬಾಗಿಲು ಜಾಲರಿಯದಾಗಿರಲಿ. ಗಾಜಿನ ಬಾಗಿಲು ನೋಡಲು ಚೆನ್ನ, ಆದರೆ ಸರ್ವರ್ ಮುಂದಿನಿಂದ ತಣ್ಣನೆ ಗಾಳಿ ಎಳೆದು ಹಿಂದಕ್ಕೆ ಬಿಸಿ ಬಿಡುತ್ತದೆ. ಗಾಜು ಅದರ ಮೂಗು ಮುಚ್ಚಿದಂತೆ. ಧೂಳು ಬರುವುದಿಲ್ಲವೇ ಎಂದರೆ ಬರುತ್ತದೆ, ಒರೆಸಬೇಕು. ಖಾಲಿ ಜಾಗಗಳಿಗೆ ಮುಚ್ಚುಫಲಕ ಹಾಕಿ, ಇಲ್ಲದಿದ್ದರೆ ಹಿಂದಿನ ಬಿಸಿಗಾಳಿ ಸುತ್ತಿ ಮುಂದಕ್ಕೇ ಬರುತ್ತದೆ. ಎಲ್ಲ ಸೇರಿ ಒಂದು ಕಿಲೋವ್ಯಾಟ್ ಸುಟ್ಟರೆ ಅಷ್ಟೂ ಶಾಖವಾಗುತ್ತದೆ. ಒಂದು ಟನ್ ಎಸಿ ಸುಮಾರು 3.5 ಕಿಲೋವ್ಯಾಟ್ ಶಾಖ ಹೊರಹಾಕಬಲ್ಲದು, ಹಾಗಾಗಿ ಎಸಿಯ ಶಕ್ತಿ ಸಾಲದೆಂಬ ಚಿಂತೆ ಬೇಡ. ಸಂಜೆ ಆರಕ್ಕೆ ಕಚೇರಿಯವರು ಅಭ್ಯಾಸಬಲದಿಂದ ಅದನ್ನು ಆರಿಸಿ ಹೋಗುತ್ತಾರೆ, ಅದೇ ಚಿಂತೆ. ಎಸಿಯ ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿ.

ರ‍್ಯಾಕಿನ ಚೌಕಟ್ಟಿಗೆ ಅರ್ಥಿಂಗ್ ತಂತಿ ಕೊಡಿಸಿ. ಬಣ್ಣ ಬಳಿದ ಬಾಗಿಲಿಗೂ ಪ್ರತ್ಯೇಕ ತಂತಿ ಬೇಕು, ಕೀಲನ್ನು ನಂಬಬಾರದು.

ಜೋಡಿಸುವ ದಿನ ಒಂದು ಸಂಗತಿ ಗಮನಿಸಿ. ಕಂಬದ ಚೌಕ ತೂತುಗಳು ಒಂದು ಯುಗೆ ಮೂರು, ಆದರೆ ಸಮದೂರದಲ್ಲಿಲ್ಲ: ಎರಡು ಅಂತರ 15.9 ಮಿ.ಮೀ., ಮೂರನೆಯದು 12.7. ಇಕ್ಕಟ್ಟಾದ ಆ ಅಂತರದ ನಡುವೆಯೇ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ. ಇದು ತಿಳಿಯದೆ ಎಣಿಸಿದರೆ ಸ್ಕ್ರೂ ಒಂದು ಕಡೆ ಕೂತು ಇನ್ನೊಂದು ಕಡೆ ಕೂರುವುದಿಲ್ಲ. ಕೇಜ್ ನಟ್‌ಗಳನ್ನು, ಅಂದರೆ ಆ ಚೌಕ ತೂತಿಗೆ ಸಿಕ್ಕಿಸುವ ನಟ್‌ಗಳನ್ನು, ಹತ್ತಿಪ್ಪತ್ತು ಹೆಚ್ಚಿಗೆ ಕೇಳಿ ಪಡೆಯಿರಿ. ಕೈಜಾರಿದವು ಯುಪಿಎಸ್ ಹಿಂದೆ ಬಿದ್ದರೆ ಹುಡುಕಲು ಹೋಗಬೇಡಿ.