ಮೈಕಿನ ದಾರಿ ಬಿಟ್ಟು ಒಳಬಾಗಿಲು ಹುಡುಕಿ

ರೇಡಿಯೋ ಮೂಲಕ ಕಂಪ್ಯೂಟರ್ ಡೇಟಾವನ್ನು ಪ್ಯಾಕೆಟ್‌ಗಳಾಗಿ ಕಳಿಸಲು ಹೊರಟು, ಹಳೆಯ ವಿಎಚ್‌ಎಫ್ ಸೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರ ದೂರು ಹೆಚ್ಚುಕಡಿಮೆ ಒಂದೇ: ‘1200ರಲ್ಲಿ ಪ್ಯಾಕೆಟ್ ಚೆನ್ನಾಗಿ ಹೋಗುತ್ತೆ ಸಾರ್, 9600ಕ್ಕೆ ಹಾಕಿದ್ರೆ ಒಂದೂ ಬರಲ್ಲ. ಮೋಡೆಮ್ ಕೆಟ್ಟಿದೆಯಾ?’ ಡೇಟಾವನ್ನು ರೇಡಿಯೋಗೆ ಹೊಂದುವ ಅಲೆಯಾಗಿ ಬದಲಿಸುವ ಆ ಮೋಡೆಮ್ ಚೆನ್ನಾಗಿಯೇ ಇರುತ್ತದೆ. ಸೆಟ್ಟೂ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತದೆ. ತೊಂದರೆ ಇರುವುದೇ ಅಲ್ಲಿ.

1200 ಬಾಡ್ (ಇಲ್ಲಿ ಸೆಕೆಂಡಿಗೆ 1200 ಬಿಟ್) ಎಂದರೆ ಎರಡು ಶಿಳ್ಳೆ: 1200 ಹರ್ಟ್ಸ್, 2200 ಹರ್ಟ್ಸ್. ನಮ್ಮ ದನಿಗೆಂದು ಮಾಡಿದ 300ರಿಂದ 3000 ಹರ್ಟ್ಸ್ ದಾರಿಯಲ್ಲಿ ಅವು ಆರಾಮಾಗಿ ಹಾದುಹೋಗುತ್ತವೆ. ಜೇಮ್ಸ್ ಮಿಲ್ಲರ್ (ಹ್ಯಾಮ್ ಕರೆಸಂಕೇತ ಜಿ3ಆರ್‌ಯುಎಚ್) 1988ರಲ್ಲಿ ವಿವರಿಸಿದ 9600ರ ಮೋಡೆಮಿನಲ್ಲಿ ಶಿಳ್ಳೆಯೇ ಇಲ್ಲ. ಬಿಟ್‌ಗಳ ಅಲೆ ನೇರವಾಗಿ ಕ್ಯಾರಿಯರಿನ, ಅಂದರೆ ಡೇಟಾ ಹೊರುವ ರೇಡಿಯೋ ಅಲೆಯ, ಫ್ರೀಕ್ವೆನ್ಸಿಯನ್ನು ಆಚೀಚೆ ಸರಿಸುತ್ತದೆ. ಅದಕ್ಕೆ ಕೆಲವೇ ಹರ್ಟ್ಸ್‌ನಿಂದ ಹಿಡಿದು 4800 ಹರ್ಟ್ಸ್ ದಾಟುವವರೆಗೆ ಬಯಲು ಬೇಕು. ಮೈಕಿನ ಹಿಂದೆ ಮೇಲಿನ ಸ್ವರಗಳನ್ನು ಎತ್ತುವ ಪ್ರೀಎಂಫಸಿಸ್, ಜೋರನ್ನು ತಡೆಯುವ ಲಿಮಿಟರ್, ಸ್ಪೀಕರಿನ ಹಿಂದೆ ಆ ಸ್ವರಗಳನ್ನು ಮತ್ತೆ ಇಳಿಸುವ ಡೀಎಂಫಸಿಸ್ ಎಲ್ಲ ಮಾತಿಗೆ ವರ, ಡೇಟಾಕ್ಕೆ ಶಾಪ.

ಆದ್ದರಿಂದ ರಿಸೀವರಿನಲ್ಲಿ ಡಿಸ್ಕ್ರಿಮಿನೇಟರಿನಿಂದಲೇ, ಅಂದರೆ ಫ್ರೀಕ್ವೆನ್ಸಿಯ ಏರಿಳಿತವನ್ನು ವೋಲ್ಟೇಜಾಗಿ ಬಿಡಿಸುವ ಭಾಗದಿಂದಲೇ, ತಂತಿ ಎಳೆಯಬೇಕು. ಎಂಸಿ3361 ಐಸಿ ಇರುವ ಸೆಟ್ಟಾದರೆ 9ನೇ ಕಾಲು. ಟ್ರಾನ್ಸ್‌ಮಿಟರಿನಲ್ಲಿ, ವೋಲ್ಟೇಜಿಗೆ ತಕ್ಕಂತೆ ಫ್ರೀಕ್ವೆನ್ಸಿ ಸರಿಸುವ ವೆರಾಕ್ಟರ್ ಡಯೋಡಿಗೇ ಡೇಟಾ ಕೊಡಬೇಕು. ಫೇಸ್ ಮಾಡ್ಯುಲೇಟರ್ ಇರುವ ಹಳೆಯ ಸೆಟ್ಟಾದರೆ ಆಸೆ ಬಿಡಿ, ಕೆಳಗಿನ ಫ್ರೀಕ್ವೆನ್ಸಿ ಅದರಲ್ಲಿ ದಾಟುವುದಿಲ್ಲ. ಫ್ರೀಕ್ವೆನ್ಸಿಯನ್ನು ಸ್ಥಿರವಾಗಿ ಹಿಡಿದಿಡುವ ಪಿಎಲ್‌ಎಲ್ ಲೂಪಿರುವ ಸೆಟ್ಟಿನದು ಇನ್ನೊಂದು ತರಲೆ: ವಿಸಿಓವನ್ನು (ವೋಲ್ಟೇಜಿನಿಂದ ಸರಿಯುವ ಆಸಿಲೇಟರನ್ನು) ನೀವು ನಿಧಾನವಾಗಿ ಸರಿಸಿದರೆ, ದಾರಿ ತಪ್ಪಿತೆಂದು ಲೂಪು ಅದನ್ನು ಮತ್ತೆ ಸ್ವಸ್ಥಾನಕ್ಕೆ ಎಳೆಯುತ್ತದೆ. ಅಂಥಲ್ಲಿ ಲೂಪು ಹೋಲಿಸಿ ನೋಡುವ ರೆಫರೆನ್ಸ್ ಆಸಿಲೇಟರಿಗೂ ಡೇಟಾ ಕೊಟ್ಟು, ಎರಡನ್ನೂ ಹೊಂದಿಸಬೇಕಾಗುತ್ತದೆ.

ನಾನೇ ಒಮ್ಮೆ ಎರಡು ಸಂಜೆ ಹಾಳುಮಾಡಿಕೊಂಡಿದ್ದು ಒಂದು ಕೆಪಾಸಿಟರಿನಿಂದ. ಡಬ್ಬಿಯಲ್ಲಿ ಕೈಗೆ ಸಿಕ್ಕಿದ 0.1 ಮೈಕ್ರೋಫ್ಯಾರಡನ್ನು ತಂತಿಯ ನಡುವೆ ಬೆಸೆದಿದ್ದೆ. ಮುಂದಿನ ಇನ್‌ಪುಟ್ 10 ಕಿಲೋಓಮ್. ಲೆಕ್ಕ ಹಾಕಿದರೆ ಸುಮಾರು 160 ಹರ್ಟ್ಸ್‌ಗಿಂತ ಕೆಳಗಿನದಕ್ಕೆಲ್ಲ ಕತ್ತರಿ! ಸ್ಕ್ರ್ಯಾಂಬ್ಲರ್ ಒಂದೇ ಬಿಟ್‌ನ ಉದ್ದ ಸಾಲುಗಳನ್ನು ಕಲಸಿಹಾಕುತ್ತದೆ ನಿಜ, ಆದರೂ ಸಾಲು ಬಂದಾಗ ಅಲೆ ಜೋತುಬೀಳುತ್ತಿತ್ತು. ಚಿಕ್ಕ ಪ್ಯಾಕೆಟ್ ಹೇಗೋ ಪಾರಾಗುತ್ತಿತ್ತು, ದೊಡ್ಡದು ಸಾಯುತ್ತಿತ್ತು. 10 ಮೈಕ್ರೋಫ್ಯಾರಡ್ ಹಾಕಿದ ಮೇಲೆ ಆಸಿಲೋಸ್ಕೋಪಿನಲ್ಲಿ ಕಣ್ಣು ಬಿಟ್ಟಿತು. ಬಿಟ್‌ಗಳನ್ನು ಒಂದರ ಮೇಲೊಂದು ಪೇರಿಸಿ ನೋಡುವ ಚಿತ್ರಕ್ಕೆ ನಾವು ಕಣ್ಣು ಎನ್ನುವುದು. ಅದು ಅರೆಮುಚ್ಚಿದ್ದರೆ ಮೋಡೆಮನ್ನು ಬಯ್ದು ಫಲವಿಲ್ಲ.

ಡೀವಿಯೇಷನ್, ಅಂದರೆ ಕ್ಯಾರಿಯರ್ ಆಚೀಚೆ ಸರಿಯುವ ದೂರ, 3 ಕಿಲೋಹರ್ಟ್ಸ್ ಸಾಕು. ಜಾಸ್ತಿ ಕೊಟ್ಟರೆ ಜೋರಾಗಿ ಕೇಳಿಸುತ್ತದೆ ಎಂಬುದು ಮಾತಿನ ಅಭ್ಯಾಸ. ಇಲ್ಲಿ ಆಚೆಕಡೆಯ ರಿಸೀವರಿನ 455 ಕಿಲೋಹರ್ಟ್ಸ್ ಫಿಲ್ಟರು ಅಂಚುಗಳನ್ನು ಕೊಯ್ದುಬಿಡುತ್ತದೆ. ಫಿಲ್ಟರಿನ ಕೊನೆಯ ಅಕ್ಷರ ನೋಡಿ: ‘ಇ’ ಆದರೆ 15 ಕಿಲೋಹರ್ಟ್ಸ್ ಅಗಲ, ನಡೆಯುತ್ತದೆ. ‘ಜಿ’ ಆದರೆ 9, ಬದಲಿಸಿ.

ಇಷ್ಟೆಲ್ಲ ಆದಮೇಲೂ ಕೆಲವರು ‘ವೇಗ ಬರಲಿಲ್ಲ’ ಎನ್ನುತ್ತಾರೆ. 256 ಬೈಟಿನ ತುಂಬಿದ ಪ್ಯಾಕೆಟಿನ ಡೇಟಾ ಹೋಗಲು 9600ರಲ್ಲಿ 213 ಮಿಲಿಸೆಕೆಂಡು ಸಾಕು. ಸೆಟ್ಟನ್ನು ಕೇಳುವುದರಿಂದ ಕಳಿಸುವುದಕ್ಕೆ ಹೊರಳಿಸುವ ರಿಲೇ ಕಟಕ್ಕೆಂದು ಬಡಿದು, ಪಿಎಲ್‌ಎಲ್ ಲಾಕ್ ಆಗುವವರೆಗೆ ಕಾಯಲೆಂದು ಇಟ್ಟ ಟಿಎಕ್ಸ್ ಡಿಲೇ 300 ಮಿಲಿಸೆಕೆಂಡು ಆಗಿದ್ದರೆ, ಮದುವೆಗಿಂತ ದಿಬ್ಬಣವೇ ದೊಡ್ಡದು. ಅದಕ್ಕೇ ಈಗ ಯಾರು ಸೆಟ್ಟು ತಂದರೂ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಮ್ಮೆ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿ ಕಿವಿಗೊಡುತ್ತೇನೆ: ಒಳಗೆ ‘ಕಟಕ್’ ಎಂದರೆ ಮೊದಲು ರಿಲೇ ಮಾತು, ಆಮೇಲೆ ಮೋಡೆಮಿನದು.